ಗ್ಯಾರೇಜ್‌ಗೆ ದುಬಾರಿ ಟೂಲ್ ಕ್ಯಾಬಿನೆಟ್ ಬೇಕೇ? 1.8 ಲಕ್ಷ ಸುರಿಯುವ ಮುಂಚೆ ಕೇಳುತ್ತಿದ್ದೇನೆ

ತುಮಕೂರು_ಹೊಸ_ಗ್ಯಾರೇಜ್

ಎಲ್ಲರಿಗೂ ನಮಸ್ಕಾರ. ಕಂಪನಿಯ ಸರ್ವಿಸ್ ಸೆಂಟರ್ ಕೆಲಸ ಬಿಟ್ಟು ತುಮಕೂರಿನಲ್ಲಿ ಸ್ವಂತ ಕಾರ್ ಗ್ಯಾರೇಜ್ ಹಾಕುತ್ತಿದ್ದೇನೆ. ಎರಡು ಕಾರು ನಿಲ್ಲುವಷ್ಟು ಶೆಡ್, ಕೆಲಸಕ್ಕೆ ನಾನು ಮತ್ತು ಒಬ್ಬ ಹುಡುಗ. ಸರ್ವಿಸ್ ಸೆಂಟರ್‌ನಲ್ಲಿ ಟೂಲ್ಸ್ ಎಲ್ಲವೂ ಕಂಪನಿಯದು, ಟ್ರಾಲಿ ಎಳೆದುಕೊಂಡು ಹೋಗಿ ಕೆಲಸ ಮಾಡಿ ಅಭ್ಯಾಸ. ಈಗ ನನ್ನ ಬಳಿ ಇರುವುದು ವರ್ಷಗಳಿಂದ ಒಂದೊಂದಾಗಿ ಕೂಡಿಸಿದ ಸಾಮಾನು: ಅರ್ಧ ಇಂಚು ಮತ್ತು ಕಾಲು ಇಂಚಿನ ಸಾಕೆಟ್ ಸೆಟ್, ಟಪಾರಿಯಾ ರಿಂಗ್ ಸ್ಪ್ಯಾನರ್, ಡಬಲ್ ಎಂಡ್ ಸ್ಪ್ಯಾನರ್, ಟಾರ್ಕ್ ರೆಂಚ್ (ಬೋಲ್ಟನ್ನು ಇಂತಿಷ್ಟೇ ಬಲಕ್ಕೆ ಬಿಗಿಯುವುದು), ಮೂರು ಕಾಲಿನ ಪುಲ್ಲರ್ (ಬೇರಿಂಗ್ ಕೀಳುವುದು), ಅಲೆನ್ ಕೀಗಳು, ಸರ್ಕ್ಲಿಪ್ ಪ್ಲೈಯರ್, ಕಾರಿನ ದೋಷ ಓದುವ ಒಂದು ಸ್ಕ್ಯಾನರ್. ಸದ್ಯಕ್ಕೆ ಅಷ್ಟೂ ಮನೆಯ ಹಳೆಯ ಟ್ರಂಕಿನಲ್ಲಿ ಮತ್ತು ಟೊಮೆಟೊ ಕ್ರೇಟಿನಲ್ಲಿ ಬಿದ್ದಿವೆ.

ಬೆಂಗಳೂರಿನ ಡೀಲರ್ ಒಬ್ಬರು ವಿದೇಶಿ ಕ್ಯಾಬಿನೆಟ್ ತೋರಿಸಿದರು. ಕೆಳಗೆ ಏಳು ಡ್ರಾಯರ್, ಮೇಲೊಂದು ಚೆಸ್ಟ್, ಬೆಲೆ 1,80,000, ಜಿಎಸ್‌ಟಿ ಪ್ರತ್ಯೇಕ. ಕಂತಿನಲ್ಲಿಯೂ ಕೊಡುತ್ತಾರಂತೆ. ‘ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಇದೇ, ಇದರಿಂದಲೇ ನಂಬಿಕೆ ಹುಟ್ಟುತ್ತದೆ’ ಎಂದರು. ಡ್ರಾಯರ್ ಎಳೆದು ನೋಡಿದೆ. ಬೆರಳು ತಾಗಿಸಿದರೆ ಸಾಕು, ಜಾರಿಕೊಂಡು ಬರುತ್ತದೆ, ಕೊನೆಯಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಮನಸ್ಸು ಅಲ್ಲೇ ಅರ್ಧ ಸೋತಿತು. ಆದರೆ ಇನ್ನೊಂದಿಷ್ಟು ಸೇರಿಸಿದರೆ ಇದೇ ಹಣಕ್ಕೆ ಟು ಪೋಸ್ಟ್ ಲಿಫ್ಟ್ (ಎರಡು ಕಂಬದ, ಕಾರು ಎತ್ತುವ ಯಂತ್ರ) ಬರುತ್ತದೆ. 25 ಸಾವಿರದ ಆಸುಪಾಸಿನ ಟ್ರಾಲಿಗಳೂ ಇವೆ. ಮನೆಯವರು ‘ಹಳೆಯ ಬೀರು ಇದೆಯಲ್ಲ, ಒಯ್ಯಿರಿ’ ಎನ್ನುತ್ತಾರೆ. ಬಳಸಿದವರು ಹೇಳಿ, ಅಷ್ಟು ಹಣಕ್ಕೆ ಅದು ಬೆಲೆಯುಳ್ಳದ್ದೇ?

ದಾವಣಗೆರೆ_ಬುಲೆಟ್

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇನ್ನೂ ಬೋರ್ಡು ಬರೆಸಿಲ್ಲ, ಆಗಲೇ ಎರಡು ಲಕ್ಷದ ಪೆಟ್ಟಿಗೆಯೇ?

ನನ್ನದು ಬೈಕ್ ಗ್ಯಾರೇಜ್. ಗೋಡೆಗೆ ಎಂಟು ಅಡಿ, ನಾಲ್ಕು ಅಡಿಯ ಪ್ಲೈವುಡ್ ಹಲಗೆ ಬಡಿದು ಮೊಳೆ ಹೊಡೆದಿದ್ದೇನೆ. ಪ್ರತಿ ಸ್ಪ್ಯಾನರ್ ಹಿಂದೆ ಅದರದೇ ಆಕಾರವನ್ನು ಕೆಂಪು ಪೇಂಟಿನಲ್ಲಿ ಬರೆಸಿದ್ದೇನೆ. ಸಂಜೆ ಬಾಗಿಲು ಹಾಕುವಾಗ ಒಮ್ಮೆ ನೋಡಿದರೆ ಯಾವುದು ಇಲ್ಲವೆಂದು ಗೊತ್ತಾಗುತ್ತದೆ. ಖರ್ಚು ಎರಡು ಸಾವಿರವೂ ಆಗಿಲ್ಲ. ಲಿಫ್ಟ್ ಹಾಕಿಸಿ, ಕಣ್ಣು ಮುಚ್ಚಿಕೊಂಡು ಹಾಕಿಸಿ. ನೆಲಕ್ಕೆ ಬೆನ್ನು ಕೊಟ್ಟು ಗೇರ್‌ಬಾಕ್ಸ್ ಇಳಿಸಿದವರನ್ನು ಕೇಳಿ ನೋಡಿ, ಯಾರಾದರೂ ಪೆಟ್ಟಿಗೆ ಮೊದಲು ಎನ್ನುತ್ತಾರೆಯೇ?

ಜೆಸಿ_ರಸ್ತೆ_ಹಳಬ

ಬುಲೆಟ್ ಅವರೇ, ಹಲಗೆ ಬೈಕಿಗೆ ಸರಿ. ಬೈಕನ್ನು ನೀವು ಹಲಗೆಯ ಹತ್ತಿರಕ್ಕೆ ತಳ್ಳಿಕೊಂಡು ಹೋಗುತ್ತೀರಿ. ಕಾರಿನ ಕೆಲಸದಲ್ಲಿ ಟೂಲ್ಸ್ ಕಾರಿನ ಹತ್ತಿರಕ್ಕೆ ಬರಬೇಕು. ಬ್ರೇಕ್ ಪ್ಯಾಡ್ ಬದಲಾಯಿಸುವ ಸಣ್ಣ ಕೆಲಸಕ್ಕೇ ವೀಲ್ ನಟ್ಟಿನ ಸಾಕೆಟ್, ಕ್ಯಾಲಿಪರ್ ಬೋಲ್ಟಿಗೆ ಸ್ಪ್ಯಾನರ್, ಪಿಸ್ಟನ್ ಒತ್ತುವುದಕ್ಕೆ ಒಂದು, ವೈರ್ ಬ್ರಷ್, ಕೊನೆಗೆ ಟಾರ್ಕ್ ರೆಂಚ್ ಬೇಕು. ಪ್ರತಿಯೊಂದಕ್ಕೂ ಗೋಡೆಯವರೆಗೆ ಹೋಗಿ ಬಂದರೆ ಅರ್ಧ ದಿನ ನಡಿಗೆಯಲ್ಲೇ ಮುಗಿಯುತ್ತದೆ.

ನನ್ನ ಗ್ಯಾರೇಜಿನಲ್ಲಿ ಆರು ಜನ ಕೆಲಸ ಮಾಡುತ್ತಾರೆ, ಮೂರು ಟ್ರಾಲಿಗಳಿವೆ. ತುಮಕೂರಿನ ತಮ್ಮ, ಲೆಕ್ಕ ಹಾಕಿ ನೋಡಿ. ಟೂಲ್ಸ್ ಹುಡುಕುವುದಕ್ಕೆ ದಿನಕ್ಕೆ 15 ನಿಮಿಷ ಹೋಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 300 ದಿನ ಕೆಲಸ ಎಂದರೆ 75 ಗಂಟೆ. ನಿಮ್ಮ ಗಂಟೆಯ ಕೂಲಿ 400 ರೂಪಾಯಿ ಎಂದರೂ 30 ಸಾವಿರ. ಅಂದರೆ 25 ಸಾವಿರದ ಟ್ರಾಲಿ ಒಂದು ವರ್ಷದೊಳಗೆ ತನ್ನ ಹಣವನ್ನು ತಾನೇ ದುಡಿದುಕೊಟ್ಟಂತೆ. ಆದರೆ ಮುಂದಿನ ಒಂದೂವರೆ ಲಕ್ಷ ಏನನ್ನು ದುಡಿದುಕೊಡುತ್ತದೆ ಎಂದು ಡೀಲರನ್ನು ಕೇಳಿ. ಅಲ್ಲಿ ಅವರ ಮಾತು ನಿಲ್ಲುತ್ತದೆ.

ತುಮಕೂರು_ಹೊಸ_ಗ್ಯಾರೇಜ್

ಹಳಬರೇ, ನಿಮ್ಮ ಲೆಕ್ಕದಲ್ಲಿ ನನಗೊಂದು ಅನುಮಾನ. ಆ 15 ನಿಮಿಷ ಉಳಿದರೆ ನಾನು ಇನ್ನೊಂದು ಕಾರಿನ ಕೆಲಸ ಮಾಡುತ್ತೇನೆ ಎಂದಾದರೆ ಮಾತ್ರ ಅದು ಹಣ. ನಮ್ಮಲ್ಲಿ ಕಾರು ಬಿಚ್ಚಿಟ್ಟು ಬೆಂಗಳೂರಿನಿಂದ ಸ್ಪೇರ್ ಬರುವುದನ್ನು ಮಧ್ಯಾಹ್ನದ ಬಸ್ಸಿಗೆ ಕಾಯುವುದೇ ಹೆಚ್ಚು. ಉಳಿದ ಕಾಲು ಗಂಟೆಯಲ್ಲಿ ಚಹಾ ಕುಡಿಯುತ್ತೇನೆ ಅಷ್ಟೇ.

ಜೆಸಿ_ರಸ್ತೆ_ಹಳಬ

ಸರಿಯಾದ ಪ್ರಶ್ನೆ. ಬಾಗಿಲಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದರೆ ಮಾತ್ರ ನನ್ನ ಲೆಕ್ಕ ನಡೆಯುತ್ತದೆ, ಒಪ್ಪುತ್ತೇನೆ. ನಿಮಗೆ ಆ ದಿನ ಬರಲಿ. ಆದರೆ ಹುಡುಗನೊಬ್ಬ ಇದ್ದಾನೆ ಎಂದಿರಿ. ಅವನು ಟೂಲ್ಸ್ ಹುಡುಕುವಾಗ ನೀವು ಕಾರಿನ ಕೆಳಗೆ ಎರಡು ಕೈಯಲ್ಲಿ ಸ್ಟಾರ್ಟರ್ ಮೋಟಾರ್ ಹಿಡಿದುಕೊಂಡು ಮಲಗಿರುತ್ತೀರಿ. ಆ ಕಾಲು ಗಂಟೆಗೆ ಚಹಾದ ಲೆಕ್ಕ ಹೊಂದುವುದಿಲ್ಲ.

ಓಹಾಯೋ_ಕನ್ನಡಿಗ

ನಾನು ಹಾಸನದವನು, ಅಮೆರಿಕದ ಓಹಾಯೋದಲ್ಲಿ ಡೀಲರ್‌ಶಿಪ್ ಒಂದರಲ್ಲಿ ಟೆಕ್ನಿಷಿಯನ್. ಈ ದುಬಾರಿ ಪೆಟ್ಟಿಗೆಯ ಮೋಹ ಹುಟ್ಟಿದ್ದು ನಾನಿರುವ ದೇಶದಲ್ಲಿ, ಹಾಗಾಗಿ ಇಲ್ಲಿನ ವಿಚಾರ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಇಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಸೇರುವಾಗ ತನ್ನ ಟೂಲ್ಸ್ ತಾನೇ ತರಬೇಕು. ಮಾಲೀಕ ಲಿಫ್ಟ್, ಕಂಪ್ರೆಸರ್, ಆಯಾ ಕಂಪನಿಯ ವಿಶೇಷ ಟೂಲ್ಸ್ ಕೊಡುತ್ತಾನೆ. ಸ್ಪ್ಯಾನರ್, ಸಾಕೆಟ್, ಇಂಪ್ಯಾಕ್ಟ್ ಗನ್ ಎಲ್ಲವೂ ನಮ್ಮದು. ಕೆಲಸ ಬಿಟ್ಟರೆ ಪೆಟ್ಟಿಗೆಯನ್ನು ಟ್ರಕ್ಕಿನ ಮೇಲೆ ಹತ್ತಿಸಿಕೊಂಡು ಹೊರಡಬೇಕು. ಹಾಗಾಗಿ ಇಲ್ಲಿ ಪೆಟ್ಟಿಗೆ ಎಂದರೆ ಒಬ್ಬನ ದುಡಿಮೆಯ ಬಂಡವಾಳಕ್ಕೆ ಹಾಕುವ ಬೀಗ.

ಎರಡನೆಯದು ಕೂಲಿಯ ರೀತಿ. ಬಹಳಷ್ಟು ಕಡೆ ಫ್ಲಾಟ್ ರೇಟ್ ಪದ್ಧತಿಯಿದೆ. ಪುಸ್ತಕದಲ್ಲಿ ಒಂದು ಕೆಲಸಕ್ಕೆ 2 ಗಂಟೆ ಎಂದಿದ್ದರೆ ನೀವು ಒಂದೂವರೆ ಗಂಟೆಯಲ್ಲಿ ಮುಗಿಸಿದರೂ 2 ಗಂಟೆಯ ಕೂಲಿ ಸಿಗುತ್ತದೆ, 3 ಗಂಟೆ ತೆಗೆದುಕೊಂಡರೂ ಅಷ್ಟೇ. ಕೈ ಚಾಚಿದಲ್ಲಿ ಸಾಕೆಟ್ ಸಿಗುವುದಕ್ಕೂ ಸಂಬಳಕ್ಕೂ ಇಲ್ಲಿ ನೇರ ನಂಟಿದೆ. ತುಮಕೂರಿನವರು ಹೇಳಿದ ಚಹಾದ ಕಾಲು ಗಂಟೆ ನಮ್ಮಲ್ಲಿ ನಮ್ಮದೇ ಜೇಬಿನಿಂದ ಹೋಗುತ್ತದೆ.

ಮೂರನೆಯದು ಮಾರುವ ರೀತಿ. ಸ್ನ್ಯಾಪ್-ಆನ್, ಮ್ಯಾಟ್ಕೋ, ಮ್ಯಾಕ್ ಕಂಪನಿಗಳ ಡೀಲರ್‌ಗಳು ವಾರಕ್ಕೊಮ್ಮೆ ದೊಡ್ಡ ವ್ಯಾನಿನಲ್ಲಿ ಗ್ಯಾರೇಜ್ ಬಾಗಿಲಿಗೇ ಬರುತ್ತಾರೆ. ಸ್ನ್ಯಾಪ್-ಆನ್ 1920ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದ ಕಂಪನಿ. ಹತ್ತು ಸಾಕೆಟ್‌ಗಳಿಗೆ ಐದು ಹಿಡಿಗಳನ್ನು ಅದಲು ಬದಲು ಮಾಡಿ ಸಿಕ್ಕಿಸುವ ಸರಳ ಯೋಚನೆಯಿಂದ ಶುರುವಾದದ್ದು. ಸಣ್ಣ ಟೂಲ್ಸ್‌ಗೆ ಡೀಲರ್ ತನ್ನದೇ ಖಾತೆಯಲ್ಲಿ ವಾರದ ಕಂತು ಬರೆದುಕೊಳ್ಳುತ್ತಾನೆ. ದೊಡ್ಡ ಪೆಟ್ಟಿಗೆಯಾದರೆ ಕಂಪನಿಯ ಸಾಲ, ಬಡ್ಡಿಯೂ ಹಗುರವಲ್ಲ. ಅವರ ದೊಡ್ಡ ಪೆಟ್ಟಿಗೆಗಳು ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ. ಇಲ್ಲಿನ ಸರ್ಕಾರಿ ಅಂಕಿ ಅಂಶದಂತೆ 2023ರ ಮೇ ತಿಂಗಳಲ್ಲಿ ಆಟೋ ಮೆಕ್ಯಾನಿಕ್‌ಗಳ ಮಧ್ಯಮ ವಾರ್ಷಿಕ ವೇತನ 47,770 ಡಾಲರ್. ಅದರ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬರೀ ಪೆಟ್ಟಿಗೆಗೆ! ಇನ್ನೊಂದು ಪೆಟ್ಟು: 2018ರಿಂದ ಸಂಬಳದ ಮೆಕ್ಯಾನಿಕ್ ತನ್ನ ಟೂಲ್ಸ್ ಖರ್ಚನ್ನು ಕೇಂದ್ರ ತೆರಿಗೆಯಲ್ಲಿ ಕಳೆಯುವಂತಿಲ್ಲ. ಸ್ವಂತ ಗ್ಯಾರೇಜಿದ್ದವರು ಮಾತ್ರ ಕಳೆಯಬಹುದು.

ನನ್ನ ಪಕ್ಕದ ಬೇಯಲ್ಲಿ (ಒಂದು ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗ) ಶಾಲೆಯಿಂದ ಆಗಷ್ಟೇ ಬಂದ ಹುಡುಗನೊಬ್ಬ ಇದ್ದಾನೆ. ಅವನ ಪೆಟ್ಟಿಗೆ ಹೊಳೆಯುವ ಕೆಂಪು ಬಣ್ಣದ್ದು, ಮೇಲಿನ ಎರಡು ಡ್ರಾಯರ್ ಬಿಟ್ಟರೆ ಉಳಿದವು ಖಾಲಿ. ಸಾಕೆಟ್ ಎರವಲು ಕೇಳುವುದಕ್ಕೆ ಬರುವುದು ನನ್ನ ಬಳಿಗೆ. ನನ್ನದು ಹಾರ್ಬರ್ ಫ್ರೈಟ್ ಅಂಗಡಿಯ ಸಾವಿರ ಡಾಲರ್ ಆಸುಪಾಸಿನ ಪೆಟ್ಟಿಗೆ. ಡ್ರಾಯರ್ ಜಾರುವುದಕ್ಕೆ ಬಾಲ್ ಬೇರಿಂಗ್ ಸ್ಲೈಡ್, ದಪ್ಪ ತಗಡು, ಈವರೆಗೆ ಏನೂ ತೊಂದರೆಯಿಲ್ಲ. ದೊಡ್ಡ ಕಂಪನಿಯ ಪೆಟ್ಟಿಗೆ ಇದಕ್ಕಿಂತ ಗಟ್ಟಿ, ಅದನ್ನು ಅಲ್ಲಗಳೆಯುವುದಿಲ್ಲ. ಹತ್ತು ಪಟ್ಟು ಗಟ್ಟಿಯಲ್ಲ.

ದಾವಣಗೆರೆ_ಬುಲೆಟ್

ಅಂದರೆ ಅಮೆರಿಕದಲ್ಲಿ ಕೂಲಿಯಾಳೇ ಗುದ್ದಲಿ ತರಬೇಕು, ಗುದ್ದಲಿ ಇಡುವ ಕೋಣೆಯನ್ನೂ ಅವನೇ ಕಟ್ಟಿಸಬೇಕು! ನಮ್ಮ ಹುಡುಗರಿಗೆ ಈ ವಿಷಯ ಹೇಳಬೇಡಿ ಸ್ವಾಮಿ, ಮಾಲೀಕರಿಗಂತೂ ಹೇಳಲೇಬೇಡಿ.

ಪೀಣ್ಯ_ತಗಡು

ನಾನು ಮೆಕ್ಯಾನಿಕ್ ಅಲ್ಲ. ಪೀಣ್ಯದಲ್ಲಿ ತಗಡು ಕತ್ತರಿಸಿ, ಬಗ್ಗಿಸಿ, ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಬೇಯಿಸುವುದು) ಮಾಡಿಸಿ ಕೊಡುವ ಸಣ್ಣ ಘಟಕ ನನ್ನದು. ಕಾರ್ಖಾನೆಗಳಿಗೆ ಟೂಲ್ ಕ್ಯಾಬಿನೆಟ್ ಮಾಡಿಕೊಡುತ್ತೇವೆ. ಬೆಲೆ ಎಲ್ಲಿ ಏರುತ್ತದೆ ಎಂದು ತಯಾರಿಸುವವನ ಕಡೆಯಿಂದ ಹೇಳುತ್ತೇನೆ. ಇದು ಜಾಹೀರಾತು ಎಂದು ಯಾರಿಗಾದರೂ ಅನ್ನಿಸಿದರೆ ಬೇರೆಯವರಲ್ಲಿ ಮಾಡಿಸಿ, ಆದರೆ ಅಳತೆ ಮಾತ್ರ ಇದೇ ಕೇಳಿ.

ಮೊದಲು ತಗಡು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು, ಇದರಲ್ಲಿಯೇ ಅರ್ಧ ಜನ ಮೋಸ ಹೋಗುತ್ತಾರೆ. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಗೇಜ್ 0.9, 22 ಗೇಜ್ ಮುಕ್ಕಾಲು ಮಿ.ಮೀ. ಅಗ್ಗದ ಟ್ರಾಲಿಗಳಲ್ಲಿ 22 ಗೇಜ್ ಅಥವಾ ಅದಕ್ಕಿಂತ ತೆಳು ಇರುತ್ತದೆ. ಡ್ರಾಯರಿನ ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಡಬ್’ ಎಂದು ಒಳಗೆ ಹೋಗಿ ಹೊರಗೆ ಬಂದರೆ ಅದು ಬಿಸ್ಕತ್ತಿನ ಡಬ್ಬಿಯೇ. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. 900 ಮಿ.ಮೀ. ಅಗಲ, 450 ಆಳ, 900 ಎತ್ತರದ ಏಳು ಡ್ರಾಯರಿನ ಪೆಟ್ಟಿಗೆಯನ್ನು 1.2 ಮಿ.ಮೀ. ತಗಡಿನಲ್ಲಿ ಮಾಡಿದರೆ ಖಾಲಿ ಇದ್ದಾಗಲೇ 70ರಿಂದ 80 ಕೆ.ಜಿ. ಬರಬೇಕು. ಅದೇ ಅಳತೆಯ ಪೆಟ್ಟಿಗೆಯನ್ನು ಒಬ್ಬನೇ ಎತ್ತಿ ಆಟೋಗೆ ಹಾಕಿದನೆಂದರೆ ಮುಂದಿನ ಪ್ರಶ್ನೆಯೇ ಬೇಡ.

ಆಮೇಲೆ ಸ್ಲೈಡ್. ತುಮಕೂರಿನವರು ಮನಸೋತದ್ದು ಇದಕ್ಕೇ. ಅಡುಗೆಮನೆಯ ಡ್ರಾಯರಿಗೆ ಹಾಕುತ್ತಾರಲ್ಲ, ಟೆಲಿಸ್ಕೋಪಿಕ್ ಚಾನೆಲ್, ಅದೂ ಬಾಲ್ ಬೇರಿಂಗ್ ಸ್ಲೈಡೇ. 45 ಮಿ.ಮೀ. ಅಗಲದ ಒಳ್ಳೆಯ ಜೋಡಿ ಸುಮಾರು 45 ಕೆ.ಜಿ. ಹೊರುತ್ತದೆ. ಬೆಂಗಳೂರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿಯಾದರೂ ಸಿಗುತ್ತದೆ, ತಾನೇ ಮುಚ್ಚಿಕೊಳ್ಳುವ ಬಗೆಯದೂ ಸಿಗುತ್ತದೆ. ಭಾರದ ಡ್ರಾಯರಿಗೆ ಎರಡು ಜೋಡಿ ಹಾಕಿಸಿ. ಪರೀಕ್ಷೆ ಹೀಗೆ: ಡ್ರಾಯರನ್ನು ಪೂರ್ತಿ ಎಳೆದು ಮುಂದಿನ ಅಂಚನ್ನು ಕೆಳಕ್ಕೆ ಒತ್ತಿ, ನಂತರ ಎಡಬಲಕ್ಕೆ ಅಲುಗಾಡಿಸಿ. ಖಾಲಿ ಇದ್ದಾಗಲೇ ತಲೆ ಬಾಗಿಸುವ ಡ್ರಾಯರು ಸಾಕೆಟ್ ತುಂಬಿದ ಮೇಲೆ ಮುಚ್ಚುವುದಿಲ್ಲ.

ಎಲ್ಲರೂ ಮರೆಯುವುದು ಚಕ್ರ. ಅಗ್ಗದ ಪೆಟ್ಟಿಗೆಗಳು ಮೊದಲು ಸಾಯುವುದು ಇಲ್ಲಿ. ಚಕ್ರದ ಪ್ಲೇಟನ್ನು ನೇರವಾಗಿ ತೆಳು ತಗಡಿಗೆ ಬೋಲ್ಟ್ ಮಾಡಿರುತ್ತಾರೆ, ಆರು ತಿಂಗಳಲ್ಲಿ ತಗಡು ಹರಿದು ಚಕ್ರ ಒಳಕ್ಕೆ ಹೋಗುತ್ತದೆ. ಕೆಳಗೆ ಕಬ್ಬಿಣದ ಚಾನೆಲ್ ಅಥವಾ ಎಲ್ ಆಕಾರದ ಆ್ಯಂಗಲ್‌ನ ಚೌಕಟ್ಟು ಇದ್ದು ಚಕ್ರ ಅದಕ್ಕೆ ಕೂರಬೇಕು. ನಮ್ಮ ಶೆಡ್ಡುಗಳ ನೆಲ ಕನ್ನಡಿಯಲ್ಲ. ನಾಲ್ಕು ಚಕ್ರಗಳಲ್ಲಿ ಒಂದು ಸದಾ ಗಾಳಿಯಲ್ಲಿರುತ್ತದೆ. ಹಾಗಾಗಿ ಭಾರವನ್ನು ಮೂರೇ ಚಕ್ರ ಹೊರುತ್ತವೆ ಎಂದು ಲೆಕ್ಕ ಹಾಕಿ ಚಕ್ರ ಆರಿಸಬೇಕು. ಪೆಟ್ಟಿಗೆ, ಟೂಲ್ಸ್ ಸೇರಿ 250 ಕೆ.ಜಿ. ಎಂದರೆ ಒಂದೊಂದು ಚಕ್ರ 85 ಕೆ.ಜಿ.ಗೆ ಕಡಿಮೆ ಇರಬಾರದು, 100 ಇದ್ದರೆ ನೆಮ್ಮದಿ. ಐದು ಇಂಚಿನ ಪಾಲಿಯುರೆಥೇನ್ ಚಕ್ರ, ಎರಡು ತಿರುಗುವಂಥದು, ಎರಡು ನೇರ. ಮೂರು ಇಂಚಿನ ಚಕ್ರ ನೆಲದ ಬಿರುಕಿನಲ್ಲಿ ಸಿಕ್ಕಿಕೊಂಡರೆ ಪೆಟ್ಟಿಗೆ ಮುಂದಕ್ಕೆ ಮಗುಚುತ್ತದೆ.

ವಿದೇಶಿ ಪೆಟ್ಟಿಗೆಯಲ್ಲಿ ಇದೆಲ್ಲವೂ ಸರಿಯಾಗಿಯೇ ಇರುತ್ತದೆ. ಅದರ ಬೆಲೆಯಲ್ಲಿ ಕಬ್ಬಿಣದ ಪಾಲು ಕಡಿಮೆ, ಹಡಗು, ಸುಂಕ ಮತ್ತು ಹೆಸರಿನ ಪಾಲು ಹೆಚ್ಚು. ಒಂದೇ ಒಂದು ಡ್ರಾಯರ್ ತೆರೆದಾಗ ಉಳಿದವು ಬಂದ್ ಆಗುವ ಇಂಟರ್‌ಲಾಕ್ ವ್ಯವಸ್ಥೆಯನ್ನು ಅವರಷ್ಟು ಚೆನ್ನಾಗಿ ನಾವು ಮಾಡುವುದಿಲ್ಲ, ಅದನ್ನು ಒಪ್ಪಲೇಬೇಕು.

ತುಮಕೂರು_ಹೊಸ_ಗ್ಯಾರೇಜ್

ಪೀಣ್ಯದವರೇ, ಇಷ್ಟು ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಇಂಟರ್‌ಲಾಕ್ ಇಲ್ಲದಿದ್ದರೆ ಅಪಾಯವೇ?

ಪೀಣ್ಯ_ತಗಡು

ಭಾರದ್ದೆಲ್ಲ ಕೆಳಗಿನ ಡ್ರಾಯರಿನಲ್ಲಿಟ್ಟರೆ, ಒಮ್ಮೆಗೆ ಒಂದನ್ನೇ ಎಳೆಯುವ ಶಿಸ್ತಿದ್ದರೆ ಅಪಾಯವಿಲ್ಲ. ಹುಡುಗರಿಗೆ ಮೊದಲ ದಿನವೇ ಕಲಿಸಿ. ಮೇಲಿನ ಮೂರು ಡ್ರಾಯರನ್ನು ಒಟ್ಟಿಗೆ ಎಳೆದರೆ 200 ಕೆ.ಜಿ. ಪೆಟ್ಟಿಗೆ ಕಾಲ ಮೇಲೆಯೇ ಬರುತ್ತದೆ.

ರೆಕ್ಕೆ_ರಿಪೇರಿ

ವಿಮಾನ ನಿರ್ವಹಣೆಯ ಕೆಲಸದಲ್ಲಿದ್ದೇನೆ, ಬೆಂಗಳೂರು. ಇಲ್ಲಿಯವರೆಗೆ ಎಲ್ಲರೂ ಸಮಯ ಮತ್ತು ಗಟ್ಟಿತನ ಎಂದೇ ಮಾತನಾಡಿದ್ದೀರಿ. ನಮ್ಮಲ್ಲಿ ಪೆಟ್ಟಿಗೆಯ ಕೆಲಸವೇ ಬೇರೆ: ಏನು ವಾಪಸ್ ಬಂದಿಲ್ಲ ಎಂದು ತೋರಿಸುವುದು.

ಪ್ರತಿ ಡ್ರಾಯರಿನಲ್ಲಿ ಎರಡು ಬಣ್ಣದ ಫೋಮ್ ಹಾಳೆ ಇರುತ್ತದೆ, ಮೇಲೆ ಕಪ್ಪು, ಕೆಳಗೆ ಹಳದಿ. ಟೂಲಿನ ಆಕಾರಕ್ಕೆ ಕಪ್ಪು ಹಾಳೆಯನ್ನು ಕತ್ತರಿಸಿರುತ್ತಾರೆ. ಸಾಕೆಟ್ ಎತ್ತಿದ ಕ್ಷಣವೇ ಹಳದಿ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ಟೂಲಿನ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಪಾಳಿ ಶುರುವಿಗೆ, ಮುಗಿಯುವಾಗ ಎಣಿಕೆ ನಡೆಯುತ್ತದೆ. ಒಂದು ಸ್ಕ್ರೂಡ್ರೈವರ್ ಬಿಟ್ ಸಿಗದಿದ್ದರೂ ವಿಮಾನ ಹೊರಡುವುದಿಲ್ಲ, ಸಿಗುವವರೆಗೆ ಹುಡುಕಾಟ. ಅತಿರೇಕ ಎನ್ನಿಸಬಹುದು. 2023ರ ಮಾರ್ಚ್‌ನಲ್ಲಿ ಅಮೆರಿಕದ ಅರಿಝೋನಾದ ಲ್ಯೂಕ್ ವಾಯುನೆಲೆಯಲ್ಲಿ ಎಫ್-35 ಯುದ್ಧವಿಮಾನದ ಎಂಜಿನ್ ಪರೀಕ್ಷಿಸುವಾಗ ಒಳಗೆ ಮರೆತುಬಿಟ್ಟಿದ್ದ ಒಂದು ಸಣ್ಣ ಟಾರ್ಚನ್ನು ಎಂಜಿನ್ ಒಳಕ್ಕೆಳೆದುಕೊಂಡಿತು. ನಷ್ಟ ಸುಮಾರು 40 ಲಕ್ಷ ಡಾಲರ್. ಎಂಜಿನ್ ಚಾಲೂ ಮಾಡುವ ಮುನ್ನ ಟೂಲ್ಸ್ ಎಣಿಕೆ ಸರಿಯಾಗಿ ನಡೆದಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಟಾರ್ಚ್ ಇಡುವ ಪೆಟ್ಟಿಗೆ ಅಲ್ಲಿ ಇರಲಿಲ್ಲವೆಂದಲ್ಲ, ನೋಡಬೇಕಾದವರು ನೋಡಿರಲಿಲ್ಲ.

ಕಾರಿನಲ್ಲಿಯೂ ಇದು ಆಗುತ್ತದೆ. ಏರ್ ಫಿಲ್ಟರ್ ಡಬ್ಬದ ಮೇಲಿಟ್ಟ 10 ಮಿ.ಮೀ. ಸಾಕೆಟ್ ಜಾರಿ ಬೆಲ್ಟಿನ ದಾರಿಗೆ ಬಿದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಫೋಮ್‌ಗೆ ದುಡ್ಡು ಸುರಿಯಬೇಡಿ. ಇವಿಎ (ರಬ್ಬರಿನಂಥ ಫೋಮ್) ಹಾಳೆ, ಎರಡು ಬಣ್ಣ, ಚೂಪಾದ ಕಟರ್, ಒಂದು ಭಾನುವಾರ ಸಾಕು. ಟೂಲನ್ನು ಹಾಳೆಯ ಮೇಲಿಟ್ಟು ಬಿಳಿ ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದುಕೊಳ್ಳಿ, ಬೆರಳು ಹಾಕಿ ಎತ್ತುವಷ್ಟು ಅರ್ಧಚಂದ್ರದ ಜಾಗ ಬಿಡಿ. ಅದನ್ನು ಬಿಟ್ಟರೆ ಗ್ರೀಸ್ ಕೈಯಲ್ಲಿ ಸ್ಪ್ಯಾನರ್ ಎತ್ತುವುದಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಕಾಗುತ್ತದೆ.

ದಾವಣಗೆರೆಯವರ ಕೆಂಪು ಪೇಂಟಿನ ಹಲಗೆಯ ಕೆಲಸವೂ ಇದೇ. ಅವರದ್ದು ಎರಡು ಸಾವಿರಕ್ಕೆ ಆಗಿದೆ.

ದಾವಣಗೆರೆ_ಬುಲೆಟ್

ನೋಡಿದಿರಾ! ವಿಮಾನದವರೇ ಒಪ್ಪಿದ ಮೇಲೆ ಇನ್ನೇನು.

ಕುಡ್ಲ_ಡೀಸೆಲ್

ಮಂಗಳೂರಿನವನು, ಮೀನುಗಾರಿಕೆ ಬೋಟಿನ ಡೀಸೆಲ್ ಎಂಜಿನ್ ಕೆಲಸ. ನಮ್ಮ ಉಪ್ಪು ಗಾಳಿಗೆ ಹಲಗೆ ಮೊಳೆ ನಡೆಯುವುದಿಲ್ಲ ಬುಲೆಟ್ ಅವರೇ, ಜೂನ್‌ನಲ್ಲಿ ತೂಗು ಹಾಕಿದ ಸ್ಪ್ಯಾನರ್ ಸೆಪ್ಟೆಂಬರ್‌ನಲ್ಲಿ ಕೆಂಪು ಪೇಂಟಿನದೇ ಬಣ್ಣಕ್ಕೆ ತಿರುಗಿರುತ್ತದೆ. ಆದರೆ ಮುಚ್ಚಿದ ಡ್ರಾಯರೇ ರಕ್ಷಣೆ ಎಂದುಕೊಳ್ಳಬೇಡಿ. ಒದ್ದೆ ಟೂಲನ್ನು ಒಳಗಿಟ್ಟು ಮುಚ್ಚಿದರೆ ತೇವ ಹೊರಗೆ ಹೋಗುವುದಕ್ಕೆ ದಾರಿಯೇ ಇಲ್ಲ, ಹೊರಗಿದ್ದದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಸ್ಪಂಜಿನಂಥ ಫೋಮ್ ಆದರೆ ನೀರು ಹೀರಿಕೊಂಡೇ ಕೂರುತ್ತದೆ. ಇವಿಎ ಪರವಾಗಿಲ್ಲ, ನೀರು ಹೀರುವುದಿಲ್ಲ.

ನಾವು ಮಾಡುವುದು ಇಷ್ಟು. ಸಂಜೆ ಬನಿಯನ್ ವೇಸ್ಟಿಗೆ ಒಂದೆರಡು ಹನಿ ಎಂಜಿನ್ ಆಯಿಲ್ ಹಾಕಿ ಒರೆಸಿ ಇಡುತ್ತೇವೆ. ಡ್ರಾಯರಿಗೊಂದು ಸಿಲಿಕಾ ಜೆಲ್ ಚೀಲ, ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ನೀಲಿ (ಅಡುಗೆಯ ಬಾಣಲೆ ಬೇಡ, ಮನೆಯಲ್ಲಿ ಜಗಳವಾಗುತ್ತದೆ, ಆರೋಗ್ಯಕ್ಕೂ ಒಳ್ಳೆಯದಲ್ಲ). ಟಾರ್ಕ್ ರೆಂಚನ್ನು ಸ್ಕೇಲಿನ ಅತಿ ಕಡಿಮೆ ಗುರುತಿಗೆ ಸಡಿಲಿಸಿ ಅದರದೇ ಡಬ್ಬಿಯಲ್ಲಿ ಇಡಿ, ಬಿಗಿ ಇಟ್ಟರೆ ಸ್ಪ್ರಿಂಗ್ ಸೋಲುತ್ತದೆ. ಇನ್ನೊಂದು, ಯಾರೂ ಹೇಳುವುದಿಲ್ಲ: ಇಲಿ. ಡ್ರಾಯರಿನ ಹಿಂಭಾಗ ತೆರೆದಿದ್ದರೆ ಇಲಿ ಬಂದು ವೇಸ್ಟ್ ಬಟ್ಟೆಯಲ್ಲಿ ಗೂಡು ಕಟ್ಟುತ್ತದೆ, ಸ್ಕ್ಯಾನರಿನ ವೈರನ್ನು ಕಡಿದುಹಾಕುತ್ತದೆ. ಹಿಂದೆ ತಗಡು ಪೂರ್ತಿ ಮುಚ್ಚಿದೆಯೇ ಎಂದು ಬಗ್ಗಿ ನೋಡಿ ತೆಗೆದುಕೊಳ್ಳಿ.

ಲೆಕ್ಕದ_ಪುಸ್ತಕ

ಗ್ಯಾರೇಜ್‌ಗಳ ಲೆಕ್ಕಪತ್ರ ನೋಡುವವನು. ಡೀಲರ್ ಹೇಳದ ಮೂರು ಮಾತು.

1,80,000ಕ್ಕೆ ಶೇ 18 ಜಿಎಸ್‌ಟಿ ಎಂದರೆ 32,400. ನೀವು ಜಿಎಸ್‌ಟಿ ನೋಂದಣಿ ಮಾಡಿಸಿ ಸಾಮಾನ್ಯ ಪದ್ಧತಿಯಲ್ಲಿದ್ದರೆ ಅದು ಹೂಡುವಳಿ ತೆರಿಗೆಯಾಗಿ ಹಿಂದಕ್ಕೆ ಬರುತ್ತದೆ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು). ನೋಂದಣಿ ಇಲ್ಲದಿದ್ದರೆ ಅಥವಾ ಕಂಪೋಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಒಂದೇ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ) ಬರುವುದಿಲ್ಲ, ಪೆಟ್ಟಿಗೆಯ ನಿಜ ಬೆಲೆ 2,12,400. ಹೊಸ ಗ್ಯಾರೇಜ್‌ಗಳಲ್ಲಿ ಬಹಳಷ್ಟು ಎರಡನೆಯ ಗುಂಪಿಗೇ ಸೇರುತ್ತವೆ.

‘ಸವಕಳಿ ಸಿಗುತ್ತದೆ, ತೆರಿಗೆ ಉಳಿಯುತ್ತದೆ’ ಎಂದು ಹೇಳಿದರೆ ಕೇಳಿಸಿಕೊಂಡು ಸುಮ್ಮನಿರಿ. ಯಂತ್ರೋಪಕರಣಕ್ಕೆ ವರ್ಷಕ್ಕೆ ಶೇ 15 ಸವಕಳಿ (ಸವೆತದ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ಮೊತ್ತ) ಇದೆ, ನಿಜ. ಆದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಇಂತಿಷ್ಟು ಭಾಗವೇ ಲಾಭ ಎಂದು ತೋರಿಸುವ ಪದ್ಧತಿಯಲ್ಲಿ ಹೋದರೆ ಸವಕಳಿ ಅದರಲ್ಲಿಯೇ ಸೇರಿದೆ ಎಂದು ಲೆಕ್ಕ, ಪ್ರತ್ಯೇಕವಾಗಿ ಏನೂ ಸಿಗುವುದಿಲ್ಲ.

ಕಂತು: 1.8 ಲಕ್ಷಕ್ಕೆ ಶೇ 12 ಬಡ್ಡಿ, ಮೂರು ವರ್ಷ ಎಂದರೆ ತಿಂಗಳಿಗೆ ಸುಮಾರು 5,980. ಬಡ್ಡಿಯೇ 35 ಸಾವಿರ ದಾಟುತ್ತದೆ, ಅಂದರೆ ಬಡ್ಡಿಯ ಹಣಕ್ಕೇ ಒಂದು ಟ್ರಾಲಿ. ಸಾಲ ಬೇಕೇ ಬೇಕು ಎಂದರೆ ಮುದ್ರಾ ಯೋಜನೆಯಲ್ಲಿ ಲಿಫ್ಟ್‌ಗೆ ಕೇಳಿ. ಕುಶಲಕರ್ಮಿಗಳಿಗಿರುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 15 ಸಾವಿರದ ಟೂಲ್ ಕಿಟ್ ಬಗ್ಗೆ ಕೆಲವರು ಕೇಳುತ್ತಾರೆ. ಅದರಲ್ಲಿ ಕಮ್ಮಾರ, ಬಡಗಿ, ಬೀಗ ಮಾಡುವವರು ಸೇರಿ 18 ಕಸುಬುಗಳಿವೆ, ಮೋಟಾರ್ ಮೆಕ್ಯಾನಿಕ್ ಆ ಪಟ್ಟಿಯಲ್ಲಿಲ್ಲ.

ಐಟಿಐ_ಮೇಷ್ಟ್ರು

ರೆಕ್ಕೆ ರಿಪೇರಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಳೆಯ ಕಾರ್ಖಾನೆಗಳ ಟೂಲ್ ರೂಮ್‌ನಲ್ಲಿ ಪ್ರತಿ ಕಾರ್ಮಿಕನಿಗೆ ಅವನ ಸಂಖ್ಯೆ ಒತ್ತಿದ ಹಿತ್ತಾಳೆ ಬಿಲ್ಲೆಗಳನ್ನು ಕೊಡುತ್ತಿದ್ದರು. ಮೈಕ್ರೋಮೀಟರ್ ಬೇಕಾದರೆ ಒಂದು ಬಿಲ್ಲೆ ಕೊಡಬೇಕು, ಮೈಕ್ರೋಮೀಟರ್ ಇದ್ದ ಮೊಳೆಗೆ ಬಿಲ್ಲೆ ತೂಗುಬೀಳುತ್ತದೆ. ಸಂಜೆ ಮೊಳೆ ನೋಡಿದರೆ ಯಾರ ಕೈಯಲ್ಲಿ ಏನಿದೆ ಎಂದು ಗೊತ್ತು. ನಮ್ಮ ವರ್ಕ್‌ಶಾಪಿನಲ್ಲಿ ಈಗಲೂ ಇದನ್ನೇ ನಡೆಸುತ್ತೇನೆ, ಹಿತ್ತಾಳೆಯ ಬದಲು ಬಣ್ಣ ಬಳಿದ ವಾಷರ್‌ಗಳು. ತುಮಕೂರಿನವರಿಗೆ ಒಬ್ಬನೇ ಹುಡುಗನಿದ್ದಾಗ ಇದು ಬೇಡ, ನಾಲ್ಕು ಜನರಾದ ದಿನ ಬೇಕಾಗುತ್ತದೆ.

ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆಯಲ್ಲಿ ಕಲಿತ ಹುಡುಗರನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕೆಲಸದ ಜಾಗವನ್ನು ಐದು ಹಂತದಲ್ಲಿ ಅಚ್ಚುಕಟ್ಟಾಗಿಡುವ ಜಪಾನಿನ 5 ಎಸ್ ಪದ್ಧತಿಯಲ್ಲಿ ಮೊದಲನೆಯದು ಬೇಡದ್ದನ್ನು ಬೇರ್ಪಡಿಸುವುದು, ಎರಡನೆಯದು ಇರುವುದಕ್ಕೆ ಜಾಗ ಗೊತ್ತು ಮಾಡುವುದು. ನಮ್ಮವರು ಮೊದಲನೆಯದನ್ನು ಬಿಟ್ಟು ಪೆಟ್ಟಿಗೆ ಕೊಳ್ಳುವುದಕ್ಕೆ ಓಡುತ್ತಾರೆ. ತಲೆ ಸವೆದ ಸ್ಕ್ರೂಡ್ರೈವರ್, ಬಾಯಿ ಅಗಲವಾದ 12-13 ಸ್ಪ್ಯಾನರ್, ಯಾವ ಗಾಡಿಯದೆಂದು ಯಾರಿಗೂ ತಿಳಿಯದ ಪುಲ್ಲರ್ ಎಲ್ಲವೂ ಹೊಸ ಡ್ರಾಯರಿಗೆ ಹೋಗಿ ಕೂರುತ್ತವೆ. ಆಯುಧಪೂಜೆಯ ಹಿಂದಿನ ದಿನ ಹೇಗೂ ಎಲ್ಲವನ್ನೂ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯುತ್ತೇವೆ. ಅರಿಸಿನ ಕುಂಕುಮ ಹಚ್ಚುವ ಮುಂಚೆ ಸವೆದದ್ದನ್ನು ಗುಜರಿಗೆ ಹಾಕಿಬಿಡಿ, ಪೂಜೆಗೆ ಏನೂ ಕಡಿಮೆಯಾಗುವುದಿಲ್ಲ.

ಜೆಸಿ_ರಸ್ತೆ_ಹಳಬ

ಮೇಷ್ಟ್ರೇ, ಆ ಗೊತ್ತಿಲ್ಲದ ಪುಲ್ಲರ್ ಗುಜರಿಗೆ ಹಾಕಿದ ಮರುವಾರವೇ ಆ ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದೊಂದನ್ನು ಮಾತ್ರ ನನ್ನಿಂದ ಮಾಡಿಸಬೇಡಿ.

‘ಗಿರಾಕಿ ನೋಡಿ ನಂಬುತ್ತಾನೆ’ ಎಂಬ ಡೀಲರ್ ಮಾತಿಗೂ ಒಂದು ಉತ್ತರ ಬಾಕಿ ಇತ್ತು. ಗಿರಾಕಿ ನೋಡುವುದು ಮೂರನ್ನು: ಸೀಟಿಗೆ ಪ್ಲಾಸ್ಟಿಕ್ ಕವರ್ ಹಾಕಿದ್ದೀರಾ, ಬಿಚ್ಚಿದ ಹಳೆಯ ಪಾರ್ಟನ್ನು ಅವನ ಕೈಗೆ ಕೊಟ್ಟಿದ್ದೀರಾ, ಹೇಳಿದ ಮೊತ್ತಕ್ಕೂ ಬಿಲ್ಲಿಗೂ ಹೊಂದುತ್ತದೆಯೇ. ಪೆಟ್ಟಿಗೆಯನ್ನು ಮೆಚ್ಚಿ ನೋಡುವವರು ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್‌ಗಳು ಮಾತ್ರ.

ಓಹಾಯೋ_ಕನ್ನಡಿಗ

ಹಳಬರ ಕೊನೆಯ ಸಾಲು ಓಹಾಯೋಗೂ ಸಲ್ಲುತ್ತದೆ. ಆದರೆ ದುಬಾರಿ ಪೆಟ್ಟಿಗೆಯ ಪರವಾಗಿ ಯಾರೂ ಹೇಳದ ಒಂದು ಮಾತಿದೆ, ನ್ಯಾಯಕ್ಕಾಗಿ ಹೇಳುತ್ತೇನೆ. ಇಡೀ ದಿನ ಡ್ರಾಯರ್ ಎಳೆದು ಮುಚ್ಚುವವನಿಗೆ ಸಲೀಸಾಗಿ ಜಾರುವ ಡ್ರಾಯರ್ ಸುಖ ಕೊಡುತ್ತದೆ. ಕೆಲವರು ದುಡಿಯುವ ಜಾಗದಲ್ಲಿ ಆ ಸುಖಕ್ಕೆ ಹಣ ಕೊಡುತ್ತಾರೆ. ಸಾಲವಿಲ್ಲದೆ, ಟೂಲ್ಸ್ ಪೂರ್ತಿ ಕೂಡಿಸಿದ ಮೇಲೆ ಕೊಟ್ಟರೆ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ತುಮಕೂರು_ಹೊಸ_ಗ್ಯಾರೇಜ್

ಎಲ್ಲವನ್ನೂ ಓದಿದೆ. ಲಿಫ್ಟ್‌ಗೆ ಮುಂಗಡ ಕೊಟ್ಟುಬಂದೆ. ಪೆಟ್ಟಿಗೆಯನ್ನು ಪೀಣ್ಯದವರ ಅಳತೆಯಂತೆ ಮಾಡಿಸುತ್ತೇನೆ, ಐದು ಡ್ರಾಯರ್ ಸಾಕು, ಕೆಳಗೆ ಪುಲ್ಲರ್ ಮತ್ತು ಜ್ಯಾಕಿಗೆ ಒಂದು ದೊಡ್ಡ ಖಾನೆ. ಮನೆಯ ಬೀರು ಆಯಿಲ್, ಫಿಲ್ಟರ್ ಇಡುವುದಕ್ಕೆ ಬರುತ್ತದೆ. ಎರಡು ಪ್ರಶ್ನೆ: ಬೀಗ ಹೇಗಿರಬೇಕು? ಮೇಲ್ಭಾಗಕ್ಕೆ ಏನು ಹಾಕಿಸಲಿ, ಬ್ರೇಕ್ ಆಯಿಲ್ ಚೆಲ್ಲಿದರೆ ಬಣ್ಣ ಏಳುತ್ತದಲ್ಲ?

ಪೀಣ್ಯ_ತಗಡು

ಡ್ರಾಯರಿಗೊಂದು ಬೀಗ ಬೇಡ, ಕೀಗಳೇ ಕಳೆಯುತ್ತವೆ. ಬಲಗಡೆ ಮೇಲಿನಿಂದ ಕೆಳಗಿನವರೆಗೆ ಒಂದು ಆ್ಯಂಗಲ್ ಪಟ್ಟಿ, ಕೆಳತುದಿಯಲ್ಲಿ ತಿರುಗಣೆ, ಮೇಲ್ತುದಿಯಲ್ಲಿ ಒಂದೇ ಬೀಗ. ಪಟ್ಟಿ ಮುಚ್ಚಿದರೆ ಐದೂ ಡ್ರಾಯರ್ ಬಂದ್. ಕಳ್ಳ ಪೆಟ್ಟಿಗೆಯನ್ನೇ ತಳ್ಳಿಕೊಂಡು ಹೋಗಬಾರದೆಂದರೆ ಹಿಂದೆ ಒಂದು ಕೊಂಡಿ ಬೆಸೆದು ಕೊಡುತ್ತೇನೆ, ರಾತ್ರಿ ಶೆಡ್ಡಿನ ಕಂಬಕ್ಕೆ ಸರಪಳಿ ಹಾಕಿ.

ಬ್ರೇಕ್ ಆಯಿಲ್ ಸಾಮಾನ್ಯ ಪೇಂಟನ್ನು ಎಬ್ಬಿಸಿಬಿಡುತ್ತದೆ. ಪೌಡರ್ ಕೋಟಿಂಗ್ ಸ್ವಲ್ಪ ತಾಳುತ್ತದೆ, ಒರೆಸದೆ ರಾತ್ರಿಯಿಡೀ ಬಿಟ್ಟರೆ ಅದಕ್ಕೂ ಗ್ಯಾರಂಟಿ ಇಲ್ಲ. ಮೇಲೆ ಸ್ಟೇನ್‌ಲೆಸ್ ಹಾಳೆ ಹಾಕಿಸಿ, ಸುತ್ತ 15 ಮಿ.ಮೀ. ಅಂಚು ಎತ್ತಿಸಿ, ನಟ್ಟು ಉರುಳಿ ಬೀಳುವುದಿಲ್ಲ. ಎತ್ತರ ಮಾತ್ರ ನಿಮ್ಮ ಮೊಣಕೈಗಿಂತ ಒಂದು ಗೇಣು ಕೆಳಗೆ ಇರಲಿ. ನಿಂತು ಅಳೆದು ಕಳುಹಿಸಿ, ಹುಡುಗನದನ್ನಲ್ಲ, ನಿಮ್ಮದನ್ನು.

ದಾವಣಗೆರೆ_ಬುಲೆಟ್

ಪೀಣ್ಯದವರೇ, ಅದೇ ಅಳತೆಯಲ್ಲಿ ಮೂರು ಡ್ರಾಯರಿನದು ಎಷ್ಟಾಗುತ್ತದೆ? ಸುಮ್ಮನೆ ಕೇಳಿದೆ.